ಈ ಸಲ ಸುಬ್ಬಯ್ಯ ನಾಯ್ಡು ಪ್ರಶಸ್ತಿ ರಂಗಾಯಣ ರಘು ಅವರಿಗೆ ಬರಬೇಕು. ನಿಮ್ಮ ಮನಸ್ಸಲ್ಲಿ ಯಾರಿದ್ದಾರೆ?

ಹಳೇಪೇಟೆ ಹುಡುಗ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ರಾಜ್ಯ ಚಲನಚಿತ್ರ ಪ್ರಶಸ್ತಿಗಳು ತಡವಾಗಿ ಬರುತ್ತಿರೋದು ನಿಮಗೆಲ್ಲ ಗೊತ್ತೇ ಇದೆ. 2019ರ ಸಾಲಿನದು 2025ರ ಜನವರಿಯಲ್ಲಿ ಪ್ರಕಟವಾಯಿತು. 2021ರ ಸಾಲಿನದೂ ಅದೇ ವರ್ಷ ಬಂತು. ಈ ಲೆಕ್ಕದಲ್ಲಿ 2024ರಲ್ಲಿ ನಾವು ಥಿಯೇಟರಲ್ಲಿ ನೋಡಿದ ಸಿನಿಮಾಗಳ ಸರದಿ ಬರುವ ಹೊತ್ತಿಗೆ ಜನಕ್ಕೆ ಅವು ಮರೆತೇ ಹೋಗಿರುತ್ತವೆ. ಅದಕ್ಕೇ ನನ್ನ ಆಸೆಯನ್ನ ಈಗಲೇ ಬರೆದಿಡುತ್ತಿದ್ದೇನೆ.

ಅತ್ಯುತ್ತಮ ನಟ ಪ್ರಶಸ್ತಿ ರಂಗಾಯಣ ರಘು ಅವರಿಗೆ ಬರಬೇಕು. ‘ಶಾಖಾಹಾರಿ’ ಸಿನಿಮಾಕ್ಕೆ.

2024ರ ಫೆಬ್ರವರಿ 16ಕ್ಕೆ ಅದು ಬಿಡುಗಡೆಯಾಯಿತು. ಸಂದೀಪ್ ಸುಂಕದ್ ನಿರ್ದೇಶನ. ನಾನು ನಮ್ಮ ಮಾವನ ಜೊತೆ ಸೆಕೆಂಡ್ ಶೋಗೆ ಹೋಗಿದ್ದೆ. ನಾವಿಬ್ಬರೂ ಸೇರಿ 14 ಜನ ಇದ್ದೆವು, ಎಣಿಸಿದೆ. ಮುಂದಿನ ವಾರ ಅಮ್ಮನನ್ನ ಕರೆದುಕೊಂಡು ಹೋದರೆ ಪೋಸ್ಟರೇ ಬದಲಾಗಿತ್ತು. ಅಮ್ಮ ಗೇಟಿನ ಹತ್ತಿರ ನಿಂತು, ‘ಹೋಗ್ಲಿ ಬಿಡಪ್ಪಾ, ಇನ್ನೊಂದು ದಿನ ನೋಡಿದ್ರಾಯ್ತು’ ಅಂದರು. ಆ ಇನ್ನೊಂದು ದಿನ ಬರಲಿಲ್ಲ. ಕೊನೆಗೆ ಪ್ರೈಮ್‌ಗೆ ಬಂದ ಮೇಲೆ ಮನೆಯಲ್ಲೇ ನೋಡಿದರು.

ಕಥೆ ಪೂರ್ತಿ ಹೇಳಲ್ಲ. ಮಲೆನಾಡಿನ ಒಂದು ಊರು. ಅಲ್ಲಿ ಸುಬ್ಬಣ್ಣ ಅಂತ ಒಬ್ಬ, ಮದುವೆಯಿಲ್ಲ, ಸಣ್ಣದೊಂದು ಸಸ್ಯಾಹಾರಿ ಹೋಟೆಲ್ ನಡೆಸಿಕೊಂಡಿರುತ್ತಾನೆ. ಪೊಲೀಸರಿಂದ ತಪ್ಪಿಸಿಕೊಂಡ ಹುಡುಗನೊಬ್ಬ ಗಾಯ ಮಾಡಿಕೊಂಡು ಆ ಹೋಟೆಲ್‌ಗೆ ಬಂದು ಸೇರಿಕೊಳ್ಳುತ್ತಾನೆ. ಅಲ್ಲಿಂದಾಚೆಗೆ ಸುಬ್ಬಣ್ಣನ ಅಡುಗೆ ಮನೆ ಮೊದಲಿನ ಹಾಗೆ ಇರಲ್ಲ. ಅಷ್ಟು ಸಾಕು.

ಇಷ್ಟು ವರ್ಷ ನಾವು ರಘು ಅವರನ್ನ ಹೀರೋ ಪಕ್ಕದಲ್ಲಿ ನೋಡಿದ್ದೇವೆ. ಜೋರು ದನಿ, ಕಣ್ಣರಳಿಸುವುದು, ಒಂದೇ ಉಸಿರಿಗೆ ಉದ್ದುದ್ದ ಡೈಲಾಗ್. ಇಲ್ಲಿ ಆ ದನಿಯನ್ನೇ ತೆಗೆದಿಟ್ಟಿದ್ದಾರೆ. ಇಡೀ ಸಿನಿಮಾ ಆ ಮುಖದ ಮೇಲೆ ನಿಂತಿದೆ. ಪೋಷಕ ನಟ ಪ್ರಶಸ್ತಿ ಅವರಿಗೆ ಹಿಂದೆಯೇ ಬಂದಿದೆ. ಈಗ ಕೊಡಬೇಕಾದದ್ದು ದೊಡ್ಡದು.

ಇನ್ನೊಂದು ಮಾತು. ರಾಜ್ಯದ ಅತ್ಯುತ್ತಮ ನಟ ಪ್ರಶಸ್ತಿಗೆ ಸುಬ್ಬಯ್ಯ ನಾಯ್ಡು ಅವರ ಹೆಸರಿದೆ. ಯಾರವರು? 1934ರ ‘ಸತಿ ಸುಲೋಚನ’ದ ಇಂದ್ರಜಿತು. ಕನ್ನಡದ ಮೊದಲ ಟಾಕಿಯ ನಾಯಕ. ಅದಕ್ಕೂ ಮೊದಲು ಕಂಪನಿ ನಾಟಕದ ಮನುಷ್ಯ. ರಘು ಕೂಡ ರಂಗಮಂಚದಿಂದಲೇ ಬಂದವರು. ಮೈಸೂರಿನ ರಂಗಾಯಣದಲ್ಲಿ ಬಿ.ವಿ. ಕಾರಂತರ ಕೈಯಲ್ಲಿ ಪಳಗಿದವರು, ಆ ಸಂಸ್ಥೆಯ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡವರು. ನಾಟಕದವರ ಹೆಸರಿನ ಪ್ರಶಸ್ತಿ ನಾಟಕದವರ ಕೈ ಸೇರಲಿ ಅಂತ ನನ್ನ ಆಸೆ. ನಮ್ಮದು ಚಿಂದೋಡಿ ಲೀಲಾ ಅವರ ಊರು. ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ನಾವು ಈ ಆಸೆ ಇಟ್ಟುಕೊಳ್ಳದೆ ಇನ್ಯಾರು ಇಟ್ಟುಕೊಳ್ಳಬೇಕು?

ನಿಮ್ಮ ಮನಸ್ಸಲ್ಲಿ ಯಾರಿದ್ದಾರೆ, ಬರೀರಿ. ಯಾಕೆ ಅಂತಲೂ ಬರೀರಿ.

ದೋಸೆ ಕಾವಲಿ, ದಾವಣಗೆರೆ

ಅಣ್ಣಾ, ನನ್ನ ಓಟೂ ರಘು ಸರ್‌ಗೇ. ನಾನು ಕಾರಣ ಬೇರೆ ಕೊಡ್ತೀನಿ.

ನಾನು ಬೆಣ್ಣೆ ದೋಸೆ ಹೋಟೆಲ್‌ನಲ್ಲಿ ಕಾವಲಿ ಮುಂದೆ ನಿಂತು 22 ವರ್ಷ ಆಯ್ತು. ಸಿನಿಮಾದಲ್ಲಿ ಹೋಟೆಲ್ ಸೀನ್ ಬಂದರೆ ನನ್ನ ಕಣ್ಣು ಹೀರೋ ಮೇಲೆ ಇರಲ್ಲ, ಕೈ ಮೇಲೆ ಇರುತ್ತೆ. ಸೌಟು ಹಿಡಿದ ರೀತಿ ನೋಡಿದರೆ ಗೊತ್ತಾಗುತ್ತೆ, ಇವನು ಒಲೆ ಮುಂದೆ ನಿಂತವನೋ ಅಲ್ಲವೋ ಅಂತ. ನಿಂತವನು ಬೆಂಕಿಗೆ ಮುಖ ಕೊಡಲ್ಲ, ಸ್ವಲ್ಪ ಓರೆಯಾಗಿ ನಿಲ್ಲುತ್ತಾನೆ. ಕಾವಲಿ ಕಾದಿದೆಯಾ ಅಂತ ನೀರು ಚಿಮುಕಿಸಿ ನೋಡಲ್ಲ, ಅಂಗೈ ಮೇಲೆ ಹಿಡಿದರೆ ಸಾಕು, ತಿಳಿಯುತ್ತೆ. ಕಟ್ಟಿಗೆ ಒಂದು ಹಿಂದಕ್ಕೆ ಎಳೆದರೆ ಎಷ್ಟು ಕಾವು ಇಳಿಯುತ್ತೆ ಅಂತ ಕೈಗೇ ಗೊತ್ತಿರುತ್ತೆ. ಮಾತಾಡುತ್ತಾ ಇದ್ದರೂ ಕೈ ತನ್ನ ಪಾಡಿಗೆ ಬೆಣ್ಣೆ ಹಾಕ್ತಾ ಇರುತ್ತೆ.

ಸುಬ್ಬಣ್ಣನನ್ನ ನೋಡಿದಾಗ ಇವರು ನಮ್ಮವರು ಅನ್ನಿಸಿತು. ನಟನೆ ಮಾಡೋಕೆ ಅಂತ ಅಡುಗೆ ಮನೆಗೆ ಬಂದವರ ಹಾಗೆ ಇರಲಿಲ್ಲ. ಅಲ್ಲೇ ಹುಟ್ಟಿ ಬೆಳೆದವರ ಹಾಗಿದ್ದರು.

ಅದಕ್ಕಿಂತ ಜಾಸ್ತಿ ಹಿಡಿದಿದ್ದು ಇನ್ನೊಂದು. ಹೊರಗೆ ಗಿರಾಕಿ ಕೂತಿರುತ್ತಾರೆ. ಒಳಗೆ ಯಾರಿಗೂ ಹೇಳೋಕಾಗದ ವಿಷಯ ಇರುತ್ತೆ. ಆದರೂ ತಟ್ಟೆ ಹೋಗ್ತಾ ಇರಬೇಕು. ನಮ್ಮ ಅಪ್ಪ ತೀರಿಕೊಂಡ ಸುದ್ದಿ ಬಂದಾಗ ನಾನು ಕಾವಲಿ ಮೇಲೆ ಆರು ದೋಸೆ ಹಾಕಿದ್ದೆ. ಆರನ್ನೂ ತೆಗೆದು ಕೊಟ್ಟೇ ಏಪ್ರನ್ ಬಿಚ್ಚಿದೆ. ತಿಂದವರು ಯಾರಿಗೂ ಗೊತ್ತಾಗಲಿಲ್ಲ. ಆ ಆರು ದೋಸೆ ತೆಗೆಯುವಾಗ ನನ್ನ ಮುಖ ಹೇಗಿತ್ತು ಅಂತ ನನಗೆ ಗೊತ್ತಿರಲಿಲ್ಲ. ರಘು ಸರ್ ಮುಖದಲ್ಲಿ ನೋಡಿದೆ.

ಪ್ರಶಸ್ತಿ ಸಮಿತಿಯಲ್ಲಿ ಯಾರಿರ್ತಾರೋ ನನಗೆ ಗೊತ್ತಿಲ್ಲ. ಒಬ್ಬರಾದರೂ ಒಲೆ ಮುಂದೆ ನಿಂತವರು ಇರಲಿ.

ಚಂದ್ರವಳ್ಳಿ, ಚಿತ್ರದುರ್ಗ

ದೋಸೆ ಕಾವಲಿ ಅಣ್ಣಾ, ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ದೇವರು ಒಳ್ಳೇದು ಮಾಡಲಿ.

ನನ್ನ ಆಸೆ ಒಂದು ಸಣ್ಣ ಸಿನಿಮಾ ಮೇಲೆ. ‘ಫೋಟೋ’. ಉತ್ಸವ್ ಗೋನವಾರ ನಿರ್ದೇಶನ, 2024ರ ಮಾರ್ಚ್‌ನಲ್ಲಿ ಬಂತು. ರಾಯಚೂರು ಕಡೆಯ ಒಂದು ಪುಟ್ಟ ಹುಡುಗ. ಅಪ್ಪ ಬೆಂಗಳೂರಲ್ಲಿ ಕೂಲಿ. ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕು ಅಂತ ಹುಡುಗನಿಗೆ ಆಸೆ. ಬೆಂಗಳೂರಿಗೆ ಬರುತ್ತಾನೆ. ಅಷ್ಟರಲ್ಲಿ ಲಾಕ್‌ಡೌನ್. ಅಪ್ಪ ಮಗ ನಡೆದುಕೊಂಡೇ ಊರಿಗೆ ಹೊರಡುತ್ತಾರೆ.

2020ರಲ್ಲಿ ನಮ್ಮ ದುರ್ಗದ ಹೈವೇಯಲ್ಲಿ ಅವರನ್ನ ನಾನು ಕಣ್ಣಾರೆ ನೋಡಿದ್ದೇನೆ. ಬೆಂಗಳೂರಿಂದ ಬಂದವರು ಇಲ್ಲಿಂದ ಹೊಸಪೇಟೆ ಕಡೆಗೆ ತಿರುಗುತ್ತಿದ್ದರು. ನಾವು ಓಣಿಯವರು ಸೇರಿ ಮಂಡಕ್ಕಿ ಪೊಟ್ಟಣ, ನೀರಿನ ಬಾಟಲಿ ಹಿಡಿದುಕೊಂಡು ರಸ್ತೆ ಪಕ್ಕ ನಿಂತಿರುತ್ತಿದ್ದೆವು. ಒಬ್ಬ ಹೆಂಗಸು ಪೊಟ್ಟಣ ತಗೊಂಡು ತಿನ್ನಲಿಲ್ಲ, ಸೆರಗಿಗೆ ಕಟ್ಟಿಕೊಂಡಳು. ಮಗು ಕಾಲಿಗೆ ಚಪ್ಪಲಿ ಇರಲಿಲ್ಲ, ಬಟ್ಟೆ ಸುತ್ತಿದ್ದರು. ‘ಇನ್ನೆಷ್ಟು ದೂರ ಅಕ್ಕಾ’ ಅಂತ ಕೇಳಿದಳು. ನನಗೆ ದೂರ ಗೊತ್ತಿತ್ತು. ಬಾಯಿ ಬರಲಿಲ್ಲ.

ಆ ಸಿನಿಮಾ ನೋಡುವಾಗ ನನಗೆ ಅದೇ ರಸ್ತೆ ಕಂಡಿತು. ಅಪ್ಪನಾಗಿ ಮಹಾದೇವ ಹಡಪದ ಮಾಡಿದ್ದಾರೆ. ಬಿಸಿಲಲ್ಲಿ ನಡೆಯುವ ಅಪ್ಪನೊಬ್ಬ ಮಗನಿಗೆ ಧೈರ್ಯ ಹೇಳುವಾಗ ದನಿ ಹೇಗಿರುತ್ತೋ ಹಾಗೇ ಇದೆ. ಅತ್ಯುತ್ತಮ ಬಾಲನಟ ಪ್ರಶಸ್ತಿ ಆ ಹುಡುಗನಿಗೆ ಬರಲಿ. ವೇದಿಕೆ ಮೇಲೆ ಅವನಿಗೆ ಪ್ರಶಸ್ತಿ ಕೊಡುವಾಗ ಒಂದು ಫೋಟೋ ತೆಗೀತಾರಲ್ಲ, ಆ ಫೋಟೋ ನನಗೆ ನೋಡಬೇಕು.

ಹಳೇಪೇಟೆ ಹುಡುಗ, ದಾವಣಗೆರೆ

ಅಕ್ಕಾ, ಇದಕ್ಕೆ ನನ್ನದೂ ಒಪ್ಪಿಗೆ. ಬಾಲನಟ ವಿಭಾಗ ಬೇರೆ, ನಮ್ಮ ರಘು ಸರ್‌ಗೂ ಇದಕ್ಕೂ ಪೈಪೋಟಿ ಇಲ್ಲ. ಎರಡೂ ಬರಲಿ.

ಕಿಚ್ಚನ ಅಭಿಮಾನಿ, ಹರಿಹರ

ಎಲ್ಲರೂ ಸಣ್ಣ ಸಿನಿಮಾ ಅಂತೀರಲ್ಲ, ಸ್ಟಾರ್‌ಗಳು ನಟನೆ ಮಾಡಲ್ವಾ? ‘ಮ್ಯಾಕ್ಸ್’ ನೋಡಿ. ಒಂದೇ ರಾತ್ರಿಯ ಕಥೆ. ಅಷ್ಟೂ ಹೊತ್ತು ಸಿನಿಮಾವನ್ನ ಹೆಗಲ ಮೇಲೆ ಹೊತ್ತಿದ್ದು ಸುದೀಪ್ ಸರ್ ಒಬ್ಬರೇ. ಆ ಕಣ್ಣು, ಆ ನಡಿಗೆ, ಅದೂ ನಟನೆನೇ. ಪಕ್ಕದ ಶಿವಮೊಗ್ಗದವರು ಅನ್ನೋ ಅಭಿಮಾನಕ್ಕೆ ಹೇಳ್ತಿಲ್ಲ.

ಆದರೂ ಒಂದು ಮಾತು ಹೇಳ್ತೀನಿ. 2019ರ ಸಾಲಿನ ಅತ್ಯುತ್ತಮ ನಟ ಪ್ರಶಸ್ತಿ ‘ಪೈಲ್ವಾನ್’ಗೆ ಬಂದಾಗ ಸುದೀಪ್ ಸರ್ ಗೌರವದಿಂದಲೇ ಬೇಡ ಅಂದರು. ಪ್ರಶಸ್ತಿ ತಗೊಳ್ಳೋದು ನಿಲ್ಲಿಸಿ ವರ್ಷಗಳಾದವು, ಅರ್ಹರಾದ ಬೇರೆ ನಟರಿದ್ದಾರೆ ಅನ್ನೋ ಅರ್ಥದಲ್ಲಿ ಬರೆದಿದ್ದರು. ಆ ದಿನ ನನಗೆ ಬೇಜಾರಾಗಿತ್ತು. ಬಂದ ಪ್ರಶಸ್ತಿ ಯಾಕೆ ಬಿಡಬೇಕು ಅಂತ ಗೆಳೆಯರ ಹತ್ತಿರ ಜಗಳಾನೂ ಆಡಿದ್ದೆ. ಈಗ ದೋಸೆ ಕಾವಲಿ ಅಣ್ಣ ಬರೆದದ್ದು ಓದಿದೆ. ಬೇರೆ ನಟರು ಅಂದರೆ ಯಾರು ಅಂತ ಗೊತ್ತಾಯಿತು. ರಘು ಸರ್‌ಗೆ ಬಂದರೆ ನಮ್ಮ ಹುಡುಗರೂ ಪಟಾಕಿ ಹೊಡೀತೀವಿ. ಮಾತು ಕೊಟ್ಟೆ.

ಕೋಟೆ ಮೇಷ್ಟ್ರು, ಚಿತ್ರದುರ್ಗ

ಮಕ್ಕಳೇ, ನಾನು ನಿವೃತ್ತ ಮೇಷ್ಟ್ರು. ಕೋಟೆ ಬುಡದಲ್ಲೇ ನಮ್ಮ ಮನೆ. ‘ಶಾಖಾಹಾರಿ’ ನಾನಿನ್ನೂ ನೋಡಿಲ್ಲ, ಹಾಗಾಗಿ ಅದರ ಬಗ್ಗೆ ಮಾತಾಡುವುದಿಲ್ಲ. ಸುಬ್ಬಯ್ಯ ನಾಯ್ಡು ಅವರ ಹೆಸರು ತೆಗೆದಿರಿ, ಸಂತೋಷವಾಯಿತು. ಅವರ ಮಗ ಲೋಕೇಶ್. ಲೋಕೇಶ್ ಕೂಡ ನಾವು ಹೀರೋ ಅನ್ನುವ ಲೆಕ್ಕದ ನಟರಲ್ಲ, ಆದರೂ ‘ಪರಸಂಗದ ಗೆಂಡೆತಿಮ್ಮ’ಕ್ಕೆ ರಾಜ್ಯದ ಅತ್ಯುತ್ತಮ ನಟರಾದರು. ಮುಖ ನೋಡಿ ಕೊಟ್ಟದ್ದಲ್ಲ, ಪಾತ್ರ ನೋಡಿ ಕೊಟ್ಟದ್ದು.

ಈಗ ನನ್ನ ಆಸೆ. ನನಗೆ ಪೋಷಕ ನಟ ಪ್ರಶಸ್ತಿಯ ಮೇಲೇ ಕಣ್ಣು. ಯಾಕೆಂದರೆ ಅದಕ್ಕಿರುವ ಹೆಸರು ಕೆ.ಎಸ್. ಅಶ್ವಥ್ ಅವರದು.

1972ರಲ್ಲಿ ‘ನಾಗರಹಾವು’ ಬಂದಾಗ ನಾನು ಹೈಸ್ಕೂಲು ಹುಡುಗ. ತ.ರಾ.ಸು. ನಮ್ಮ ಜಿಲ್ಲೆಯವರು, ಕಥೆ ನಮ್ಮೂರಿನದು. ಪುಟ್ಟಣ್ಣ ಕಣಗಾಲರು ಕ್ಯಾಮೆರಾ ಇಟ್ಟದ್ದು ನಾವು ದಿನಾ ಹತ್ತಿ ಇಳಿಯುವ ಬಂಡೆಗಳ ಮೇಲೆ. ವಿಷ್ಣುವರ್ಧನ್ ಅವರಿಗೆ ಆ ಚಿತ್ರಕ್ಕೆ ರಾಜ್ಯದ ಅತ್ಯುತ್ತಮ ನಟ ಪ್ರಶಸ್ತಿ ಬಂತು. ನಮ್ಮ ಓಣಿಯ ಹುಡುಗರೆಲ್ಲ ರಾಮಾಚಾರಿ ಆದರು. ನಾನೊಬ್ಬ ಅಶ್ವಥ್ ಮಾಡಿದ ಚಾಮಯ್ಯ ಮೇಷ್ಟ್ರು ಆಗಬೇಕು ಅಂದುಕೊಂಡೆ. ಆದೆ ಕೂಡ, 34 ವರ್ಷ ಪಾಠ ಮಾಡಿದೆ.

2018ರಲ್ಲಿ ‘ನಾಗರಹಾವು’ ಹೊಸ ಸೌಂಡಿನಲ್ಲಿ ಮತ್ತೆ ಬಂದಾಗ ಮೊಮ್ಮಗನನ್ನ ಕರೆದುಕೊಂಡು ಹೋದೆ. ಕೊನೆಯಲ್ಲಿ ಬೆಟ್ಟದ ಮೇಲೆ ಮೇಷ್ಟ್ರು ರಾಮಾಚಾರಿಗೆ ಎದುರಾಗುತ್ತಾರಲ್ಲ, ಅಲ್ಲಿ ಅಶ್ವಥ್ ಅವರ ಮುಖ ನೋಡಬೇಕು. ಸಿಟ್ಟೂ ಇದೆ, ಸೋತ ಅಪ್ಪನ ಸಂಕಟವೂ ಇದೆ. ಮೊಮ್ಮಗ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡ. ಪೋಷಕ ನಟ ಅಂದರೆ ಹೀಗಿರಬೇಕು. ಅವನು ಪಕ್ಕದಲ್ಲಿ ನಿಂತಿದ್ದಕ್ಕೇ ನಾಯಕ ನಾಯಕನಾಗಿ ಕಾಣಬೇಕು.

ನಮ್ಮ ದುರ್ಗದಲ್ಲೇ ಹುಟ್ಟಿದ ದತ್ತಣ್ಣನವರನ್ನ ನೋಡಿ. ವಾಯುಪಡೆಯಲ್ಲಿ ಕೆಲಸ ಮಾಡಿ, ಆಮೇಲೆ ಸಿನಿಮಾಕ್ಕೆ ಬಂದವರು. ‘ಮುನ್ನುಡಿ’ಗೆ ಪೋಷಕ ನಟನೆಯ ರಾಷ್ಟ್ರ ಪ್ರಶಸ್ತಿಯನ್ನೇ ತಂದರು. ಬಿ.ಎಲ್. ವೇಣು ಅವರ ಕಾದಂಬರಿಯಿಂದ ಆದ ‘ಕಲ್ಲರಳಿ ಹೂವಾಗಿ’ಗೆ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಬಂತು, ಅದೂ ಮದಕರಿ ನಾಯಕರ ಕಾಲದ ದುರ್ಗದ ಕಥೆ. ಪ್ರಶಸ್ತಿ ಅಂದಾಗ ನಮ್ಮೂರು ಬರೀ ಚಪ್ಪಾಳೆ ತಟ್ಟಿದ ಊರಲ್ಲ.

ನೀವು ಹೇಳಿದ ಸಿನಿಮಾ ನೋಡುತ್ತೇನೆ. ನೋಡಿಯೇ ಬರೆಯುತ್ತೇನೆ.

ಭಟ್ಟಿ ಏರಿಯಾ ಅಕ್ಕ, ದಾವಣಗೆರೆ

ಮೇಷ್ಟ್ರೇ, ನಮಸ್ಕಾರ. ನಾನೂ ಕಂಪನಿ ನಾಟಕದ ಮನೆಯವಳೇ ಅನ್ನಬಹುದು. ನಮ್ಮ ಅಜ್ಜಿಗೆ ನಾಟಕದ ಹುಚ್ಚು. ದುರ್ಗಮ್ಮನ ಜಾತ್ರೆಗೆ ಕಂಪನಿ ಕ್ಯಾಂಪ್ ಹಾಕಿದರೆ ಮಂಡಕ್ಕಿ ಭಟ್ಟಿಯ ಕೆಲಸ ಮುಗಿಸಿ, ಕೈಯಲ್ಲಿ ಇನ್ನೂ ಉಪ್ಪಿನ ಮರಳಿನ ವಾಸನೆ ಇರುವಾಗಲೇ ಹೋಗಿ ಮುಂದಿನ ಸಾಲಲ್ಲಿ ಕೂರುತ್ತಿದ್ದರಂತೆ. ಚಿಂದೋಡಿ ಲೀಲಮ್ಮ ರಂಗದ ಮೇಲೆ ಬಂದರೆ ಇಡೀ ಟೆಂಟು ತಣ್ಣಗಾಗುತ್ತಿತ್ತು ಅಂತ ಹೇಳೋರು. ಲೀಲಮ್ಮನಿಗೆ ಪದ್ಮಶ್ರೀ ಬಂದಾಗ ಅಜ್ಜಿ ಓಣಿಗೆಲ್ಲ ಸಕ್ಕರೆ ಹಂಚಿದ್ದರು.

ರಘು ಅವರ ಮಾತಿಗೆ ಉಮಾಶ್ರೀ ಅವರನ್ನ ನೆನಪಿಸಿಕೊಳ್ಳಿ. ಎಷ್ಟು ವರ್ಷ ನಾವು ಅವರನ್ನ ನೋಡಿ ಬರೀ ನಕ್ಕಿದ್ದು! ಆಮೇಲೆ ‘ಗುಲಾಬಿ ಟಾಕೀಸ್’ ಬಂತು. ಸೂಲಗಿತ್ತಿ ಗುಲಾಬಿ. ರಾಷ್ಟ್ರದ ಅತ್ಯುತ್ತಮ ನಟಿ ಪ್ರಶಸ್ತಿ. ನಗಿಸುವವರಿಗೆ ಅಳು ಗೊತ್ತಿರಲ್ಲ ಅಂತ ತಿಳಿದವರಿಗೆ ಅವತ್ತೇ ಉತ್ತರ ಸಿಕ್ಕಿತ್ತು.

ನಟಿ ವಿಭಾಗದಲ್ಲಿ ನನ್ನ ಆಸೆ ಅಂಕಿತಾ ಅಮರ್, ‘ಇಬ್ಬನಿ ತಬ್ಬಿದ ಇಳೆಯಲಿ’. ಆ ಹುಡುಗಿ ಸುಮ್ಮನಿರುವ ಕಡೆ ಚೆನ್ನಾಗಿ ಮಾಡಿದ್ದಾಳೆ. ಅದು ಕಷ್ಟ.

ಪಿ.ಬಿ. ರೋಡ್, ದಾವಣಗೆರೆ

ಪ್ರಶಸ್ತಿ ಬಂದರೆ ಏನಾಗುತ್ತೆ? ಒಂದು ಶಾಲು, ಒಂದು ಹಾರ. ಮಾರನೇ ದಿನ ಮತ್ತೆ ಹೀರೋ ಪಕ್ಕದಲ್ಲಿ ನಿಲ್ಲಿಸ್ತಾರೆ. ಬೇಜಾರಲ್ಲೇ ಹೇಳ್ತಿದ್ದೀನಿ, ನನಗೂ ರಘು ಅಂದರೆ ಇಷ್ಟ.

ಚಂದ್ರವಳ್ಳಿ, ಚಿತ್ರದುರ್ಗ

ಹಾಗನ್ನಬೇಡಿ ಸರ್. ಸಂಚಾರಿ ವಿಜಯ್ ಅವರ ಹೆಸರು ‘ನಾನು ಅವನಲ್ಲ ಅವಳು’ಗೆ ರಾಷ್ಟ್ರ ಪ್ರಶಸ್ತಿ ಬಂದ ಮೇಲೇ ನಮ್ಮಂಥ ಊರುಗಳಲ್ಲಿ ಗೊತ್ತಾಗಿದ್ದು. ನಮ್ಮ ಬೀದಿಯಲ್ಲಿ ಮಂಗಳಮುಖಿಯೊಬ್ಬರು ಬರುತ್ತಿದ್ದರು. ಮೊದಲು ಬಾಗಿಲು ಹಾಕಿಕೊಳ್ಳುತ್ತಿದ್ದವರು ಆ ಸಿನಿಮಾ ಟಿವಿಯಲ್ಲಿ ಬಂದ ಮೇಲೆ ಹೆಸರು ಕೇಳಿ, ನೀರು ಕೊಟ್ಟು ಮಾತಾಡಿಸಿದ್ದನ್ನ ನಾನು ನೋಡಿದ್ದೇನೆ. ಪ್ರಶಸ್ತಿ ಬರದಿದ್ದರೆ ಆ ಸಿನಿಮಾ ನಮ್ಮ ಮನೆ ಟಿವಿವರೆಗೂ ಬರುತ್ತಿತ್ತಾ? ವಿಜಯ್ 2021ರಲ್ಲಿ ಹೋಗಿಬಿಟ್ಟರು. ಪ್ರಶಸ್ತಿ ಇದ್ದದ್ದಕ್ಕೆ ಆ ಪಾತ್ರ ಉಳಿಯಿತು.

ಹಳೇಪೇಟೆ ಹುಡುಗ, ದಾವಣಗೆರೆ

ಅಕ್ಕ ಹೇಳಿದ್ದಕ್ಕೆ ಇನ್ನೊಂದು ಸೇರಿಸ್ತೀನಿ. ಕನ್ನಡ ಸಿನಿಮಾಕ್ಕೆ ರಾಷ್ಟ್ರದ ಅತ್ಯುತ್ತಮ ನಟ ಪ್ರಶಸ್ತಿ ಬಂದವರ ಪಟ್ಟಿ ನೋಡ್ರಿ. ‘ಚೋಮನ ದುಡಿ’ಯ ಎಂ.ವಿ. ವಾಸುದೇವ ರಾವ್, ‘ತಬರನ ಕಥೆ’ಯ ಚಾರುಹಾಸನ್, ಸಂಚಾರಿ ವಿಜಯ್, ಆಮೇಲೆ ‘ಕಾಂತಾರ’ದ ರಿಷಬ್ ಶೆಟ್ಟಿ. ಮೊದಲ ಮೂವರಿಗೆ ಕಟೌಟ್ ನಿಲ್ಲಿಸಿದವರು ಯಾರೂ ಇಲ್ಲ. ಒಬ್ಬ ಜೀತದಾಳು, ಒಬ್ಬ ಪಿಂಚಣಿಗೆ ಅಲೆಯುವ ಜವಾನ, ಒಬ್ಬ ಮಂಗಳಮುಖಿ. ಈ ಸಾಲಿನಲ್ಲಿ ಒಬ್ಬ ಹೋಟೆಲ್ ಸುಬ್ಬಣ್ಣ ನಿಂತರೆ ಎಷ್ಟು ಚೆನ್ನಾಗಿರುತ್ತೆ ಅಲ್ವಾ? ಚೋಮನ ಸಿನಿಮಾ ಮಾಡಿದವರು ಬಿ.ವಿ. ಕಾರಂತರು. ರಘು ಅವರ ಗುರುಗಳು.

ಲೆಕ್ಕದ ಪುಸ್ತಕ, ಚಿತ್ರದುರ್ಗ

ಒಂದು ವಿಷಯ ಎಲ್ಲರಿಗೂ ತಿಳಿದಿರಲಿ. ಪ್ರಶಸ್ತಿಗೆ ಲೆಕ್ಕ ಹಿಡಿಯುವುದು ಬಿಡುಗಡೆ ದಿನವನ್ನಲ್ಲ, ಸೆನ್ಸಾರ್ ಪ್ರಮಾಣಪತ್ರದ ದಿನಾಂಕವನ್ನ. ವರ್ಷದ ಶುರುವಿನಲ್ಲಿ ಬಿಡುಗಡೆಯಾದ ಸಿನಿಮಾ ಹಿಂದಿನ ವರ್ಷದ ಸಾಲಿಗೆ ಬೀಳುವುದೂ ಉಂಟು. 2024ರ ಪಟ್ಟಿಯಲ್ಲಿ ಹೆಸರು ಕಾಣಲಿಲ್ಲ ಅಂತ ಬೇಜಾರಾಗುವ ಮುಂಚೆ 2023ರದ್ದೂ ನೋಡಿ. ಇನ್ನೊಂದು, ಸಿನಿಮಾ ತಾನಾಗೇ ಸಮಿತಿ ಮುಂದೆ ಹೋಗಲ್ಲ. ನಿರ್ಮಾಪಕರು ಅರ್ಜಿ ಹಾಕಬೇಕು.

ಹಾಗೇ ರಘು ಅವರ ‘ಅಜ್ಞಾತವಾಸಿ’ಯೂ ಇದೆ, 2025ರ ಏಪ್ರಿಲ್‌ನಲ್ಲಿ ಬಂದದ್ದು. ಅಲ್ಲಿ ಅವರು ಪೊಲೀಸ್. ಒಂದು ತಪ್ಪಿದರೆ ಇನ್ನೊಂದು.

ದೋಸೆ ಕಾವಲಿ, ದಾವಣಗೆರೆ

ಅಣ್ಣಾ, ಇನ್ನೊಂದರ ಮಾತು ಬೇಡ. ಸುಬ್ಬಣ್ಣನಿಗೇ ಬರಲಿ.

ಕೋಟೆ ಮೇಷ್ಟ್ರು, ಚಿತ್ರದುರ್ಗ

ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ. ಮೊಮ್ಮಗ ಫೋನನ್ನ ಟಿವಿಗೆ ಜೋಡಿಸಿ ಕೊಟ್ಟ. ನಾನು, ನನ್ನ ಹೆಂಡತಿ ಇಬ್ಬರೂ ನೋಡಿದೆವು. ಮಧ್ಯದಲ್ಲಿ ಅವಳು ಒಲೆಯ ಮೇಲೆ ಹಾಲು ಇಟ್ಟದ್ದನ್ನೇ ಮರೆತಳು. ಉಕ್ಕಿ ಹೋಯಿತು. ಇಬ್ಬರೂ ಏಳಲಿಲ್ಲ.

ರಘು ಅವರ ಬಗ್ಗೆ ಹಳೇಪೇಟೆಯ ಹುಡುಗ ಹೇಳಿದ್ದರಲ್ಲಿ ಒಂದಕ್ಷರ ಹೆಚ್ಚಿಲ್ಲ. ಸುಬ್ಬಯ್ಯ ನಾಯ್ಡು ಪ್ರಶಸ್ತಿ ಅವರದೇ.

ನಾನು ಅಶ್ವಥ್ ಅವರ ಹೆಸರಿನ ಪ್ರಶಸ್ತಿಗೆ ಹೆಸರು ಹುಡುಕುತ್ತಿದ್ದೆನಲ್ಲ, ಅದೂ ಇದೇ ಸಿನಿಮಾದಲ್ಲಿ ಸಿಕ್ಕಿತು. ಪೊಲೀಸ್ ಅಧಿಕಾರಿಯಾಗಿ ಮಾಡಿದ ಗೋಪಾಲಕೃಷ್ಣ ದೇಶಪಾಂಡೆ. ಅವರು ಬಂದು ನಿಂತಾಗಲೆಲ್ಲ ಸುಬ್ಬಣ್ಣನ ಭಯ ನಮಗೆ ಕಾಣುತ್ತದೆ. ತಾನು ಮುಂದೆ ಬರದೆ ಎದುರಿನವನ ಮುಖವನ್ನ ನಮಗೆ ತೋರಿಸುವ ನಟ. ಹೆಂಡತಿ ಕೇಳಿದಳು, ‘ಇವರು ನಿಮ್ಮ ಅಶ್ವಥ್ ಥರ ಅಲ್ವಾ?’ ಅಂತ. 46 ವರ್ಷದ ಸಂಸಾರದಲ್ಲಿ ಸಿನಿಮಾ ವಿಷಯಕ್ಕೆ ನಾವಿಬ್ಬರೂ ಒಪ್ಪಿದ್ದು ಕಡಿಮೆ. ಇದಕ್ಕೆ ಒಪ್ಪಿದೆವು.

ದೋಸೆ ಕಾವಲಿಯವರೇ, ದಾವಣಗೆರೆಗೆ ಬಂದಾಗ ನಿಮ್ಮ ಹೋಟೆಲ್‌ಗೆ ಬರುತ್ತೇನೆ. ಯಾವ ಹೋಟೆಲ್ ಅಂತ ಇಲ್ಲಿ ಹೇಳಬೇಡಿ. ಓರೆಯಾಗಿ ನಿಂತವರನ್ನ ನಾನೇ ಗುರುತು ಹಿಡಿಯುತ್ತೇನೆ.